ಮೊದಲು ಕಿವಿ, ಆಮೇಲೆ ಪರದೆ

ಮೂರನೇ ತರಗತಿಯ ಮಗುವೊಂದು 52ರಲ್ಲಿ 38 ಕಳೆದು 26 ಎಂದು ಬರೆಯುತ್ತದೆ. ಅದೇ ಮಗು 71ರಲ್ಲಿ 45 ಕಳೆದರೆ 34 ಎನ್ನುತ್ತದೆ, 60ರಲ್ಲಿ 27 ಕಳೆದರೆ 47. ಮೂರೂ ತಪ್ಪು. ಕೆಂಪು ಪೆನ್ನಿಗೆ ಇಷ್ಟು ಸಾಕು, ಮೂರು ಗೀಟು ಎಳೆದು ಮುಂದಿನ ಪುಸ್ತಕ ತೆರೆಯುತ್ತದೆ. ‘ಗಮನ ಸಾಲದು’ ಎಂಬ ಷರಾವೂ ಬಿದ್ದೀತು. ಆದರೆ ಆ ಮೂರು ಉತ್ತರಗಳನ್ನು ಒಂದರ ಕೆಳಗೊಂದು ಇಟ್ಟು ಎರಡು ನಿಮಿಷ ನೋಡಿದರೆ ಮಗುವಿನ ಗಮನದಲ್ಲಿ ಕೊರತೆಯೇನೂ ಇಲ್ಲವೆಂದು ತಿಳಿಯುತ್ತದೆ. ಅದು ಒಂದು ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆ: ಬಿಡಿ ಸ್ಥಾನವಿರಲಿ, ಹತ್ತರ ಸ್ಥಾನವಿರಲಿ, ಮೇಲಿರಲಿ ಕೆಳಗಿರಲಿ, ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆ. ‘ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು’ ಎಂದು ಹಿಂದಿನ ವರ್ಷ ಯಾರೋ ಹೇಳಿಕೊಟ್ಟಿದ್ದರು. ಮಗು ಆ ಮಾತನ್ನು ನಂಬಿತು.

ಈ ತರಗತಿಗೆ ಪ್ರಾಥಮಿಕ ಶಿಕ್ಷಕಿಯಾಗಲು ಡಿ.ಎಲ್.ಇಡಿ. ಓದುತ್ತಿರುವ ಪ್ರಶಿಕ್ಷಣಾರ್ಥಿಯೊಬ್ಬಳು ಶಾಲಾನುಭವಕ್ಕೆಂದು ಬರುತ್ತಾಳೆ ಎಂದುಕೊಳ್ಳೋಣ. ತಂತ್ರಜ್ಞಾನ ಬಳಸಿ ಒಂದು ಪಾಠ ಮಾಡಲೇಬೇಕೆಂದು ಕಾಲೇಜಿನಲ್ಲಿ ಹೇಳಿ ಕಳಿಸಿದ್ದಾರೆ. ಅವಳು ಸೋಮಾರಿಯಲ್ಲ. ರಾತ್ರಿ ಕೂತು ಹುಡುಕಿ, ಕಳೆಯುವ ಲೆಕ್ಕದ ಒಂದು ಅಂದವಾದ ವಿಡಿಯೊ ಆರಿಸಿದ್ದಾಳೆ. ಹತ್ತು ಕಡ್ಡಿಗಳ ಕಟ್ಟು ತಾನಾಗಿ ಬಿಚ್ಚಿಕೊಂಡು ಬಿಡಿ ಸ್ಥಾನಕ್ಕೆ ನಡೆದುಹೋಗುತ್ತದೆ, ಹಿನ್ನೆಲೆಯಲ್ಲಿ ಸಂಗೀತ ಬೇರೆ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ‘ಇನ್ನೊಂದ್ಸಲ ಹಾಕಿ ಮಿಸ್’ ಎನ್ನುತ್ತಾರೆ. ಹಿಂದೆ ಕೂತ ಮಾರ್ಗದರ್ಶಕ ಶಿಕ್ಷಕರು ಒಳ್ಳೆಯ ಅಂಕ ಕೊಡುತ್ತಾರೆ. ಮರುದಿನ ನಮ್ಮ ಮಗು 52ರಲ್ಲಿ 38 ಕಳೆದು ಮತ್ತೆ 26 ಎಂದೇ ಬರೆಯುತ್ತದೆ.

ವಿಡಿಯೊದಲ್ಲಿ ಹುಳುಕೇನೂ ಇರಲಿಲ್ಲ. ಈ ಮಗುವಿನ ತಲೆಯಲ್ಲಿ ಆಗಲೇ ಒಂದು ನಿಯಮ ಕೂತಿದೆ ಎಂಬುದು ಅದಕ್ಕೆ ಗೊತ್ತಿರಲಿಲ್ಲ. ಪಾಠ ಮಾಡಿದವಳಿಗೂ ಗೊತ್ತಿರಲಿಲ್ಲ. ತಂತ್ರಜ್ಞಾನ ಕಲಿಸಿದ ಕಾಲೇಜು ಅವಳಿಗೆ ತೋರಿಸುವುದನ್ನು ಕಲಿಸಿತ್ತು, ಕೇಳಿಸಿಕೊಳ್ಳುವುದನ್ನು ಕಲಿಸಿರಲಿಲ್ಲ. ಭಾವೀ ಪ್ರಾಥಮಿಕ ಶಿಕ್ಷಕಿಗೆ ತಂತ್ರಜ್ಞಾನ ಬೇಕೋ ಬೇಡವೋ ಎಂಬ ಚರ್ಚೆಯ ಕಾಲ ಮುಗಿದಿದೆ. ಅವಳ ಚೀಲದಲ್ಲಿ ಫೋನು ಇದ್ದೇ ಇದೆ. ಆ ಫೋನಿನ ಮುಖವನ್ನು ಯಾರ ಕಡೆ ತಿರುಗಿಸಿ ಹಿಡಿಯಲು ನಾವು ಕಲಿಸುತ್ತಿದ್ದೇವೆ ಎನ್ನುವುದು ಈಗ ಕೇಳಬೇಕಾದ ಪ್ರಶ್ನೆ. ಪರದೆಯನ್ನು ಮಕ್ಕಳ ಕಡೆಗೆ ಹಿಡಿಯುವುದಕ್ಕೆ ಮುಂಚೆ ಅದರ ಮೈಕನ್ನೂ ಕ್ಯಾಮೆರಾವನ್ನೂ ತನ್ನ ಕಡೆಗೆ, ಆಮೇಲೆ ಮಗುವಿನ ಓದು ಬರಹದ ಕಡೆಗೆ ಹಿಡಿಯಲು ಅವಳು ಕಲಿಯಬೇಕು. ಈ ಅನುಕ್ರಮ ಹಿಂದುಮುಂದಾದರೆ ಎಷ್ಟು ದುಬಾರಿ ಯಂತ್ರ ತಂದರೂ ಕಲಿಕೆ ಮುಂದೆ ಸಾಗುವುದಿಲ್ಲ ಎಂಬುದು ನನ್ನ ವಾದ.

ತೋರಿಸುವ ಯಂತ್ರದ ಮೇಲಿನ ನಂಬಿಕೆ ಹಳೆಯದು. ಚಲನಚಿತ್ರ ಬಂದ ಹೊಸದರಲ್ಲಿ ಥಾಮಸ್ ಎಡಿಸನ್ ಇನ್ನು ಕೆಲವೇ ವರ್ಷಗಳಲ್ಲಿ ಪಠ್ಯಪುಸ್ತಕದ ಜಾಗವನ್ನು ಸಿನಿಮಾ ಆಕ್ರಮಿಸುತ್ತದೆ ಎಂದು ಭವಿಷ್ಯ ನುಡಿದಿದ್ದ. ನೂರು ವರ್ಷ ಕಳೆದರೂ ಮಕ್ಕಳು ಪಠ್ಯಪುಸ್ತಕಕ್ಕೆ ರಟ್ಟು ಹಾಕುತ್ತಲೇ ಇದ್ದಾರೆ. ನಮ್ಮಲ್ಲಿ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ‘ಸೈಟ್’ ಎಂಬ ಉಪಗ್ರಹ ಟಿ.ವಿ. ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿತು. ಕರ್ನಾಟಕದಿಂದ ಸೇರಿದ್ದು ಆಗಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಬೆಳಗಿನ ಹೊತ್ತು ಶಾಲಾ ಮಕ್ಕಳ ಕಾರ್ಯಕ್ರಮ, ಸಂಜೆ ಊರಿನವರಿಗೆ. ಟಿ.ವಿ.ಯನ್ನೇ ಕಂಡಿರದ ಊರುಗಳಲ್ಲಿ ಅದು ಜಾತ್ರೆಯಷ್ಟು ದೊಡ್ಡ ಸಂಗತಿ. ವರ್ಷ ಮುಗಿಯಿತು, ಉಪಗ್ರಹ ಬೇರೆಡೆಗೆ ಸರಿಯಿತು, ಹಳ್ಳಿಯ ಶಾಲೆಯಲ್ಲಿ ಮತ್ತೆ ಕಪ್ಪುಹಲಗೆಯೇ ಉಳಿಯಿತು. 2004ರ ಸೆಪ್ಟೆಂಬರ್‌ನಲ್ಲಿ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಉಡಾವಣೆಯಾದಾಗ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ತಟ್ಟೆ ಆಂಟೆನಾಗಳು ಬಂದವು. ಈಗ ಪಠ್ಯಪುಸ್ತಕದ ಪುಟದಲ್ಲೇ ಕ್ಯೂಆರ್ ಸಂಕೇತ, ಅದರ ಹಿಂದೆ 2017ರಲ್ಲಿ ಶುರುವಾದ ‘ದೀಕ್ಷಾ’ ಜಾಲತಾಣ.

ಇವುಗಳನ್ನೆಲ್ಲ ವ್ಯರ್ಥವೆಂದು ತಳ್ಳಿಹಾಕುವುದು ಅನ್ಯಾಯ. ಆಕಾಶವಾಣಿಯ ‘ಕೇಳಿ ಕಲಿ’ಗೆ ಕಿವಿಗೊಟ್ಟು ಬೆಳೆದ ಮಕ್ಕಳು ನಮ್ಮ ನಡುವೆ ಎಷ್ಟೋ ಮಂದಿ ಇದ್ದಾರೆ. ಆದರೆ ಎಲ್ಲಕ್ಕೂ ಒಂದು ಸಮಾನ ಗುಣವಿದೆ. ಮಾತು ಮೇಲಿನಿಂದ ಕೆಳಕ್ಕೆ ಬರುತ್ತದೆ, ಕೆಳಗಿನಿಂದ ಮೇಲಕ್ಕೆ ಹೋಗುವುದಿಲ್ಲ. ಉಪಗ್ರಹವಾಗಲಿ ಕ್ಯೂಆರ್ ಸಂಕೇತವಾಗಲಿ, ಹಳ್ಳಿಯ ಆ ಮಗು 26 ಎಂದು ಬರೆದದ್ದು ಅದಕ್ಕೆ ತಿಳಿಯುವುದೇ ಇಲ್ಲ. ಆ ಸುದ್ದಿ ತಿಳಿಯಬಲ್ಲ ಸ್ಥಳದಲ್ಲಿ ಇರುವವಳು ಒಬ್ಬಳೇ, ಮಗುವಿನ ಪಕ್ಕದಲ್ಲಿ ನಿಂತ ಶಿಕ್ಷಕಿ.

ಯಂತ್ರ ಕೊಟ್ಟ ಮಾತ್ರಕ್ಕೆ ಏನಾಗುತ್ತದೆ ಎಂಬುದನ್ನು ಪೆರು ದೇಶ ದೊಡ್ಡ ಬೆಲೆ ತೆತ್ತು ಕಲಿಯಿತು. ‘ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯಡಿ ಅದು ಎಂಟು ಲಕ್ಷಕ್ಕೂ ಹೆಚ್ಚು ಪುಟ್ಟ ಕಂಪ್ಯೂಟರುಗಳನ್ನು ಕೊಂಡಿತು. 319 ಗ್ರಾಮೀಣ ಪ್ರಾಥಮಿಕ ಶಾಲೆಗಳಲ್ಲಿ ನಡೆದ ಅಧ್ಯಯನದ ವರದಿ 2012ರಲ್ಲಿ ಹೊರಬಂದಾಗ, ಭಾಷೆಯಲ್ಲಾಗಲಿ ಗಣಿತದಲ್ಲಾಗಲಿ ಮಕ್ಕಳು ಮುಂದೆ ಹೋದ ಕುರುಹು ಅದರಲ್ಲಿ ಇರಲಿಲ್ಲ. ನಮ್ಮ ದೇಶದ್ದೇ ಇನ್ನೊಂದು ಉದಾಹರಣೆ ಇದಕ್ಕಿಂತ ಹೆಚ್ಚು ಪಾಠ ಹೇಳುತ್ತದೆ. ಗುಜರಾತಿನ ‘ಜ್ಞಾನ ಶಾಲಾ’ ಸಂಸ್ಥೆಯ ಶಾಲೆಗಳಲ್ಲಿ ಎರಡು ಮತ್ತು ಮೂರನೇ ತರಗತಿಯ ಮಕ್ಕಳಿಗೆ ಗಣಿತದ ಸಾಫ್ಟ್‌ವೇರ್ ಕೊಟ್ಟು ಲೀ ಲಿಂಡನ್ ಎಂಬ ಅರ್ಥಶಾಸ್ತ್ರಜ್ಞ ಪರೀಕ್ಷಿಸಿ ನೋಡಿದ. ಕೆಲವೆಡೆ ಶಾಲೆಯ ಅವಧಿಯಲ್ಲೇ ಪಾಠದ ಬದಲು ಕಂಪ್ಯೂಟರ್, ಇನ್ನು ಕೆಲವೆಡೆ ಪಾಠವೆಲ್ಲ ಮುಗಿದ ಮೇಲೆ ಹೆಚ್ಚುವರಿಯಾಗಿ. ಪಾಠದ ಜಾಗವನ್ನು ಕಂಪ್ಯೂಟರ್ ಕಿತ್ತುಕೊಂಡಲ್ಲಿ ಮಕ್ಕಳು ಇತರರಿಗಿಂತ ಹಿಂದೆ ಬಿದ್ದರು. ಪಾಠದ ಜೊತೆಗೆ ಬಂದಲ್ಲಿ, ಅದರಲ್ಲೂ ಹಿಂದುಳಿದ ಮಕ್ಕಳಿಗೆ, ಅನುಕೂಲವಾಯಿತು. ಯಂತ್ರ ಒಂದೇ, ಸಾಫ್ಟ್‌ವೇರೂ ಒಂದೇ. ಬದಲಾದದ್ದು ಅದು ಯಾರ ಸಮಯವನ್ನು ತಿಂದಿತು ಎಂಬುದಷ್ಟೇ.

ಇದಕ್ಕೆ ಎದುರಾಗಿ ದೆಹಲಿಯ ಉದಾಹರಣೆ ಕೊಡುವವರಿದ್ದಾರೆ, ಕೊಡಲೇಬೇಕು. ‘ಮೈಂಡ್‌ಸ್ಪಾರ್ಕ್’ ಎಂಬ ತಂತ್ರಾಂಶವನ್ನು ಶಾಲೆ ಬಿಟ್ಟ ಮೇಲೆ ನಾಲ್ಕೂವರೆ ತಿಂಗಳು ಬಳಸಿದ ಮಾಧ್ಯಮಿಕ ತರಗತಿಗಳ ಮಕ್ಕಳು ಗಣಿತದಲ್ಲೂ ಹಿಂದಿಯಲ್ಲೂ ಗಮನಾರ್ಹವಾಗಿ ಮುಂದೆ ಬಂದರೆಂದು 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಲ್ಲಿ ತಂತ್ರಜ್ಞಾನ ಗೆದ್ದದ್ದು ನಿಜ. ಆದರೆ ಗೆದ್ದ ಬಗೆ ನೋಡಿ. ಆ ತಂತ್ರಾಂಶ ಮಗು ಯಾವ ತರಗತಿಯಲ್ಲಿ ಕೂತಿದೆ ಎಂದು ಕೇಳದೆ, ಯಾವ ಮಟ್ಟದಲ್ಲಿ ನಿಂತಿದೆ ಎಂದು ಮೊದಲು ಪರೀಕ್ಷಿಸಿತು. ಆರನೇ ತರಗತಿಯ ಮಗುವಿಗೆ ಮೂರನೆಯದರ ಲೆಕ್ಕ ಬೇಕಿದ್ದರೆ ಮೂರನೆಯದನ್ನೇ ಕೊಟ್ಟಿತು, ತಪ್ಪಿದ ಬಗೆ ನೋಡಿ ಮುಂದಿನ ಪ್ರಶ್ನೆ ಆರಿಸಿತು. ಅರ್ಧ ಹೊತ್ತು ಯಂತ್ರದ ಮುಂದೆ ಕಳೆದರೆ ಉಳಿದರ್ಧ ಹೊತ್ತು ಸಣ್ಣ ಗುಂಪಿನಲ್ಲಿ ಮನುಷ್ಯರೇ ಪಾಠ ಹೇಳಿದರು. ಅಂದರೆ ಗೆದ್ದ ಯಂತ್ರವೂ ಕೇಳಿಸಿಕೊಳ್ಳುವ ಯಂತ್ರವೇ.

ಹಾಗೆ ನೋಡಿದರೆ ಕೇಳಿಸಿಕೊಳ್ಳುವ ಒಂದು ಉಪಕರಣವನ್ನು ಕರ್ನಾಟಕ ತಾನೇ ಕಟ್ಟಿಕೊಂಡಿತ್ತು, ವಿದ್ಯುತ್ತಿಲ್ಲದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಹಳ್ಳಿಶಾಲೆಗಳಲ್ಲಿ ಯೂನಿಸೆಫ್ ನೆರವಿನಿಂದ, ರಿಷಿವ್ಯಾಲಿ ಶಾಲೆಯ ಪ್ರಯೋಗವನ್ನು ಕಂಡುಬಂದ ಶಿಕ್ಷಕರು ‘ನಲಿ-ಕಲಿ’ ಶುರುಮಾಡಿದರು. ಪಠ್ಯವನ್ನು ಚಿಕ್ಕಚಿಕ್ಕ ಮೆಟ್ಟಿಲುಗಳಾಗಿ ಒಡೆದು ಕಲಿಕಾ ಏಣಿ ಮಾಡಿದರು. ಓದಲು ಬಾರದ ಮಗುವೂ ತನ್ನ ಮೆಟ್ಟಿಲು ಯಾವುದೆಂದು ಗುರುತಿಸಲಿ ಎಂದು ಪ್ರಾಣಿ ಪಕ್ಷಿ ವಾಹನಗಳ ಲಾಂಛನ ಹಾಕಿದರು. ಕಾರ್ಡುಗಳನ್ನು ತಾವೇ ಬರೆದು ತಾವೇ ಬಣ್ಣ ತುಂಬಿದರು. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಗೆಳೆಯರ ನೆರವು, ಮತ್ತೊಂದು ತನ್ನಷ್ಟಕ್ಕೆ ತಾನು ಕಲಿಯುವ ಗುಂಪು. ಮಗುವಿನ ಎತ್ತರಕ್ಕೆ ಗೋಡೆಯ ಸುತ್ತ ಕಪ್ಪುಹಲಗೆ, ತಲೆಯ ಮೇಲೆ ದಾರಕ್ಕೆ ಕಟ್ಟಿದ ಕಲಿಕಾ ಚಪ್ಪರ. ಯಾವ ಮಗು ಯಾವ ಮೆಟ್ಟಿಲಲ್ಲಿ ನಿಂತಿದೆ ಎಂಬುದು ಬಾಗಿಲಲ್ಲಿ ನಿಂತವರಿಗೂ ಕಾಣುತ್ತಿತ್ತು. ಮುಂದೆ ಅದು ಇಡೀ ರಾಜ್ಯದ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ಹಬ್ಬಿತು.

ಹಬ್ಬಿದಾಗ ಏನಾಯಿತು ಎಂಬುದನ್ನೂ ಮುಚ್ಚಿಡಬೇಕಿಲ್ಲ. ಹೆಗ್ಗಡದೇವನಕೋಟೆಯ ಶಿಕ್ಷಕರು ತಮ್ಮ ಮಕ್ಕಳನ್ನು ನೋಡಿ ಕಾರ್ಡು ಬರೆದಿದ್ದರು. ಇತರ ಕಡೆಯವರಿಗೆ ಅಚ್ಚಾದ ಕಾರ್ಡುಗಳು ಪೆಟ್ಟಿಗೆಯಲ್ಲಿ ಬಂದವು. ಕೆಲವು ತರಗತಿಗಳಲ್ಲಿ ಅದು ಜೀವಂತವಾಗಿಯೇ ಉಳಿಯಿತು, ಕೆಲವು ಕಡೆ ಮಗು ಕಾರ್ಡು ಎತ್ತಿಕೊಂಡು, ಇಟ್ಟು, ಇನ್ನೊಂದು ಎತ್ತಿಕೊಳ್ಳುವ ಯಾಂತ್ರಿಕ ವಿಧಿಯಾಯಿತು. ರಟ್ಟಿನ ಕಾರ್ಡಿಗೆ ಆದದ್ದೇ ಟ್ಯಾಬ್ಲೆಟ್ಟಿಗೂ ಆಗುತ್ತದೆ. ಮಾಡಿದವರ ಕೈಯಲ್ಲಿ ಉಪಕರಣಕ್ಕೆ ಕಾರಣ ಗೊತ್ತಿರುತ್ತದೆ. ಪಡೆದವರ ಕೈಯಲ್ಲಿ ಅದು ಬರೀ ಸಾಮಾನು, ಕೊನೆಗೆ ದಾಸ್ತಾನು ಪುಸ್ತಕದ ಒಂದು ಸಾಲು.

ಈಗ ಶಿಕ್ಷಕ ಶಿಕ್ಷಣದ ಕಾಲೇಜಿಗೆ ಬರೋಣ. ಡಿ.ಎಲ್.ಇಡಿ. ಎರಡು ವರ್ಷದ ಕೋರ್ಸು. ಅದರಲ್ಲಿ ತಂತ್ರಜ್ಞಾನವೂ ಒಂದು ವಿಷಯ. ಕಂಪ್ಯೂಟರಿನ ಭಾಗಗಳು, ಪದಸಂಸ್ಕರಣೆ, ಸ್ಲೈಡು ಮಾಡುವುದು, ಅಂತರ್ಜಾಲದಲ್ಲಿ ಹುಡುಕುವುದು. ಇವು ಬೇಕು, ಇಲ್ಲವೆನ್ನುವುದಿಲ್ಲ. ಕನ್ನಡದಲ್ಲಿ ತಪ್ಪಿಲ್ಲದೆ ಬೆರಳಚ್ಚು ಮಾಡಲು ಬಾರದ ಶಿಕ್ಷಕಿ ತನ್ನ ಮಕ್ಕಳಿಗೆ ಒಂದು ಓದುಪುಟವನ್ನೂ ಸ್ವಂತವಾಗಿ ತಯಾರಿಸಲಾರಳು. ತೊಂದರೆ ಎಲ್ಲಿದೆ ಎಂದರೆ, ಈ ವಿಷಯ ಒಂದು ಕೋಣೆಯಲ್ಲಿ, ಗಣಿತ ಬೋಧನೆ ಇನ್ನೊಂದು ಕೋಣೆಯಲ್ಲಿ, ಭಾಷಾ ಬೋಧನೆ ಮತ್ತೊಂದರಲ್ಲಿ ನಡೆಯುತ್ತದೆ. ಮೂರೂ ಒಟ್ಟಿಗೆ ಸೇರುವ ಜಾಗ ಪಾಠ ಯೋಜನೆಯ ‘ಕಲಿಕೋಪಕರಣ’ ಎಂಬ ಕಲಂ ಮಾತ್ರ. ಹಿಂದೆ ಅಲ್ಲಿ ‘ಮಿಂಚುಪಟ್ಟಿ, ಚಾರ್ಟು’ ಎಂದಿರುತ್ತಿತ್ತು, ಈಗ ‘ವಿಡಿಯೊ’ ಎಂದು ಬರೆಯುತ್ತಾರೆ. ಕಲಂ ಬದಲಾಗಲಿಲ್ಲ, ತುಂಬುವ ಪದ ಬದಲಾಯಿತು. 1986ರಲ್ಲೇ ಶಿಕ್ಷಣತಜ್ಞ ಲೀ ಶುಲ್ಮನ್ ಹೇಳಿದ್ದು, 2006ರಲ್ಲಿ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ ತಂತ್ರಜ್ಞಾನಕ್ಕೂ ವಿಸ್ತರಿಸಿದ್ದು ಇದನ್ನೇ: ವಿಷಯ ಗೊತ್ತಿರುವುದು ಬೇರೆ, ಬೋಧಿಸಲು ಗೊತ್ತಿರುವುದು ಬೇರೆ, ಯಂತ್ರ ಗೊತ್ತಿರುವುದು ಬೇರೆ. ಮೂರೂ ಕೂಡುವ ಕಡೆ ಇರುವುದು ಶಿಕ್ಷಕರ ನಿಜವಾದ ಜ್ಞಾನ. ನಮ್ಮ ಪ್ರಶಿಕ್ಷಣಾರ್ಥಿಗಳು ಈ ಸಿದ್ಧಾಂತದ ಮೂರು ವೃತ್ತಗಳ ಚಿತ್ರವನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತಾರೆ.

ಇಲ್ಲಿ ಒಂದು ವಿಚಿತ್ರ ಚರಿತ್ರೆಯನ್ನು ನೆನೆಯಬೇಕು. ನಮ್ಮ ಎಲ್ಲ ಶಿಕ್ಷಕರೂ ಒಮ್ಮೆ ಹಾದುಬಂದ ‘ಸೂಕ್ಷ್ಮ ಬೋಧನೆ’ ಹುಟ್ಟಿದ್ದು 1963ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ. ಡ್ವೈಟ್ ಅಲೆನ್ ಮತ್ತು ಅವರ ಸಂಗಡಿಗರ ಯೋಜನೆಯ ಜೀವಾಳವೇ ವಿಡಿಯೊ ಟೇಪು. ಭಾವೀ ಶಿಕ್ಷಕ ಕೆಲವೇ ಮಕ್ಕಳಿಗೆ ಐದು ನಿಮಿಷ ಪಾಠ ಮಾಡಬೇಕು, ಟೇಪಿನಲ್ಲಿ ತನ್ನನ್ನು ತಾನೇ ನೋಡಬೇಕು, ತಿದ್ದಿಕೊಂಡು ಮತ್ತೆ ಮಾಡಬೇಕು. 1970ರ ದಶಕದಲ್ಲಿ ಈ ಪದ್ಧತಿ ಭಾರತದಲ್ಲಿ ಹರಡಿದಾಗ ನಮ್ಮ ಕಾಲೇಜುಗಳಲ್ಲಿ ಕ್ಯಾಮೆರಾ ಇರಲಿಲ್ಲ. ಸಹಜವಾಗಿಯೇ ಕ್ಯಾಮೆರಾ ಬಿಟ್ಟು ಉಳಿದದ್ದನ್ನು ಇಟ್ಟುಕೊಂಡೆವು. ಸಹಪಾಠಿಗಳೇ ಮಕ್ಕಳಂತೆ ಕೂತರು, ಸಹಪಾಠಿಗಳೇ ವೀಕ್ಷಣಾ ಪಟ್ಟಿ ತುಂಬಿದರು. ಬೋಧನೆ, ಹಿಮ್ಮಾಹಿತಿ, ಮರುಯೋಜನೆ, ಮರುಬೋಧನೆ, ಮರುಹಿಮ್ಮಾಹಿತಿ ಸೇರಿ 36 ನಿಮಿಷದ ಚಕ್ರ. ಬಡತನದಲ್ಲಿ ಮಾಡಿಕೊಂಡ ಒಳ್ಳೆಯ ಹೊಂದಾಣಿಕೆ ಅದು. ಆದರೆ ಈಗ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯ ಕೈಯಲ್ಲೂ ಕ್ಯಾಮೆರಾ ಇದೆ. ಐವತ್ತು ವರ್ಷ ಕಾಯುತ್ತಿದ್ದ ಉಪಕರಣ ಕೈಗೆ ಬಂದಿದೆ. ಅದನ್ನು ತನ್ನ ಪಾಠದ ಕಡೆ ತಿರುಗಿಸು ಎಂದು ಹೇಳುವ ಕಾಲೇಜುಗಳು ಇನ್ನೂ ವಿರಳ. ಇಪ್ಪತ್ತರ ಹರೆಯದ ಗೆಳತಿಯರು ಮೂರನೇ ತರಗತಿಯ ಮಕ್ಕಳಂತೆ ನಟಿಸುತ್ತಲೇ ಇದ್ದಾರೆ. ಅವರಲ್ಲಿ ಯಾರೂ 26 ಎನ್ನುವುದಿಲ್ಲ, ಎಲ್ಲರೂ ಸರಿ ಉತ್ತರ ಕೊಟ್ಟು ಗೆಳತಿಯ ಮಾನ ಉಳಿಸುತ್ತಾರೆ.

ಹಾಗಾದರೆ ಫೋನು ಕಿವಿಯಾಗುವುದು ಹೇಗೆ? ಮೂರು ಕೆಲಸಗಳಿಂದ ಶುರುಮಾಡಬಹುದು. ಮೊದಲನೆಯದು ತನ್ನದೇ ಪಾಠದ ಧ್ವನಿಮುದ್ರಣ. ಮೇಜಿನ ಮೇಲೆ ಫೋನಿಟ್ಟು ಇಪ್ಪತ್ತು ನಿಮಿಷ ದಾಖಲಿಸಿ, ಸಂಜೆ ಒಬ್ಬಳೇ ಕೂತು ಕೇಳಬೇಕು. ಎಷ್ಟು ಹೊತ್ತು ತಾನು ಮಾತಾಡಿದೆ, ಎಷ್ಟು ಹೊತ್ತು ಮಕ್ಕಳು? ಪ್ರಶ್ನೆ ಕೇಳಿದ ಮೇಲೆ ಎಷ್ಟು ಕ್ಷಣ ಕಾದೆ? ‘ಅರ್ಥ ಆಯ್ತಾ?’ ಎಂದು ಎಷ್ಟು ಸಲ ಕೇಳಿದೆ, ‘ಆಯ್ತು ಮಿಸ್’ ಎಂಬ ಕೋರಸ್ಸಿನಲ್ಲಿ ಯಾವ ದನಿಗಳು ಇರಲಿಲ್ಲ? ಹೀಗೆ ಕೂತು ಕೇಳುವುದು ಮುಜುಗರದ ಕೆಲಸ. ಆದರೆ ತನ್ನ ದನಿಯನ್ನು ಹೊರಗಿನಿಂದ ಕೇಳಿದ ಶಿಕ್ಷಕಿ ಮರುದಿನ ಹಿಂದಿನಂತೆ ಪಾಠ ಮಾಡಲಾರಳು.

ಎರಡನೆಯದು ಮಗುವಿನ ಓದು. ಜೂನ್‌ನಲ್ಲಿ ಒಂದು ನಿಮಿಷ, ದಸರಾ ರಜೆಗೆ ಮೊದಲು ಒಂದು ನಿಮಿಷ, ಜನವರಿಯಲ್ಲಿ ಒಂದು ನಿಮಿಷ, ಅದೇ ಮಗುವಿನ ಓದನ್ನು ದಾಖಲಿಸಬೇಕು. ಕನ್ನಡ ಓದಿನ ತೊಡಕುಗಳಿಗೆ ತಮ್ಮದೇ ಚಹರೆ ಇದೆ. ‘ಅಕ್ಕ’, ‘ಅಜ್ಜ’ ಎಂದು ಸರಾಗವಾಗಿ ಓದುವ ಮಗು ‘ಪುಸ್ತಕ’ದಲ್ಲಿ ನಿಲ್ಲುತ್ತದೆ, ಅಕ್ಷರ ಒಂದು, ಒತ್ತು ಇನ್ನೊಂದು ಆದಾಗ ಅದಕ್ಕೆ ಗಲಿಬಿಲಿ. ‘ಸೂರ್ಯ’ ಎಂಬುದನ್ನು ‘ಸೂಯರ’ ಎಂದರೆ ಮಗು ಪೆದ್ದೇನಲ್ಲ. ಅರ್ಕಾವತ್ತಿನಲ್ಲಿ ಕಣ್ಣಿಗೆ ಮೊದಲು ಸಿಗುವುದು ‘ಯ’, ಬಾಯಿ ಮೊದಲು ಹೇಳಬೇಕಾದದ್ದು ‘ರ’. ಹಾಗೆಯೇ ‘ಹಾಲು’ ಎಂಬುದನ್ನು ‘ಆಲು’ ಎಂದು ಓದಿದ ಮಗುವಿಗೆ ಅಕ್ಷರ ಗೊತ್ತಿಲ್ಲವೋ ಅಥವಾ ಅದು ಮನೆಯ ಮಾತಿನ ಉಚ್ಚಾರಣೆಯೋ ಎಂದು ಬೇರ್ಪಡಿಸಬೇಕು. ಮೊದಲನೆಯದಕ್ಕೆ ಪಾಠ ಬೇಕು, ಎರಡನೆಯದಕ್ಕೆ ಮರ್ಯಾದೆ ಬೇಕು. ಮೂವತ್ತು ಮಕ್ಕಳ ಗದ್ದಲದಲ್ಲಿ ತಪ್ಪಿಹೋಗುವ ಈ ಸೂಕ್ಷ್ಮಗಳು ಸಂಜೆ ಮತ್ತೆ ಕೇಳಿದಾಗ ಸಿಗುತ್ತವೆ.

ಮೂರನೆಯದು ನೋಟ್‌ಪುಸ್ತಕದ ಪುಟಗಳ ಚಿತ್ರ. ತಪ್ಪುಗಳನ್ನು ಅಳಿಸುವ ಮುಂಚೆ ತೆಗೆದ ಚಿತ್ರ. ತಿಂಗಳ ಕೊನೆಗೆ ಪ್ರಶಿಕ್ಷಣಾರ್ಥಿಗಳೆಲ್ಲ ಕಾಲೇಜಿನಲ್ಲಿ ಸೇರಿದಾಗ ಆ ಪುಟಗಳೇ ಚರ್ಚೆಯ ವಸ್ತುವಾಗಲಿ. ಒಬ್ಬಳು ‘ಗಮನ ಸಾಲದು’ ಎಂದದ್ದನ್ನು ಇನ್ನೊಬ್ಬಳು ‘ಇಲ್ಲ, ಇದಕ್ಕೊಂದು ನಿಯಮವಿದೆ’ ಎಂದು ತೋರಿಸಲಿ.

ಇದು ನಾನು ಹೊಸದಾಗಿ ಹೊಸೆದ ಕಲ್ಪನೆಯೂ ಅಲ್ಲ. 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಇಬ್ಬರು ಸಂಶೋಧಕರು ‘ಬಗ್ಗಿ’ ಎಂಬ ಕಂಪ್ಯೂಟರ್ ಆಟವೊಂದನ್ನು ವಿವರಿಸಿದರು. ಅದನ್ನು ಭಾವೀ ಶಿಕ್ಷಕರ ತರಬೇತಿಗೂ ಬಳಸಿದ್ದರು. ಅಲ್ಲಿ ಕಂಪ್ಯೂಟರು ಪಾಠ ಹೇಳುವುದಿಲ್ಲ, ತಪ್ಪು ಮಾಡುವ ಮಗುವಿನ ಪಾತ್ರ ವಹಿಸುತ್ತದೆ. ಶಿಕ್ಷಕಿ ಲೆಕ್ಕ ಕೊಡಬೇಕು, ಕಂಪ್ಯೂಟರು ತನ್ನೊಳಗೆ ಬಚ್ಚಿಟ್ಟ ಒಂದು ತಪ್ಪು ನಿಯಮದ ಪ್ರಕಾರ ಉತ್ತರಿಸುತ್ತದೆ. ನಿಯಮ ಸಿಕ್ಕಿತು ಎನಿಸಿದಾಗ, ಮುಂದಿನ ಲೆಕ್ಕಗಳಿಗೆ ಆ ‘ಮಗು’ ಏನುತ್ತರ ಕೊಡುತ್ತದೆಂದು ಶಿಕ್ಷಕಿಯೇ ಮೊದಲು ಹೇಳಬೇಕು. ನಮ್ಮ 26ರ ಮಗುವಿನ ತಪ್ಪು ಆ ಸಂಶೋಧನೆಯ ಅತಿ ಪರಿಚಿತ ತಪ್ಪುಗಳಲ್ಲಿ ಒಂದು. ಶಿಕ್ಷಕಿಗೆ ತಂತ್ರಜ್ಞಾನ ಕಲಿಸುವುದೆಂದರೆ ಏನಾಗಬಹುದಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ. ಆಮೇಲಿನ ದಶಕಗಳಲ್ಲಿ ಕಂಪ್ಯೂಟರು ಸಾವಿರ ಪಟ್ಟು ಬೆಳೆಯಿತು, ಈ ದಾರಿ ಮಾತ್ರ ಹೆಚ್ಚು ಸವೆಯಲಿಲ್ಲ.

ಈಗ ಕೃತಕ ಬುದ್ಧಿಮತ್ತೆ ಬಂದಿದೆ. ಒಂದು ನಿಮಿಷದಲ್ಲಿ ಪಾಠ ಯೋಜನೆ ಬರೆದುಕೊಡುತ್ತದೆ, ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಎಲ್ಲ ಸೇರಿ. ಪಾಠ ಯೋಜನೆಯ ದಪ್ಪ ಕಡತಗಳಿಗೆ ಅಂಕ ಕೊಡುವ ನಮ್ಮ ಪದ್ಧತಿ ಇದರಿಂದ ಒಂದೇ ಏಟಿಗೆ ಅರ್ಥ ಕಳೆದುಕೊಂಡಿದೆ. ಅದು ಒಳ್ಳೆಯದೇ ಆಯಿತು ಎನ್ನಬೇಕು. ಪ್ರಶಿಕ್ಷಣಾರ್ಥಿ ಅದೇ ಯಂತ್ರವನ್ನು ‘ಪಾಠ ಯೋಜನೆ ಬರೆದುಕೊಡು’ ಎನ್ನುವ ಬದಲು ‘ದಶಕ ತೆಗೆದುಕೊಳ್ಳಲು ಬಾರದ ಮಗುವಿನಂತೆ ಉತ್ತರಿಸು, ನಾನು ನಿನ್ನ ತಪ್ಪು ಕಂಡುಹಿಡಿಯುತ್ತೇನೆ’ ಎಂದು ಕೇಳಬಹುದು. ಆದರೆ ಎಚ್ಚರವಿರಬೇಕು. ಯಂತ್ರ ನಟಿಸುವ ಮಗುವಿಗೆ ಹಸಿವಿಲ್ಲ, ನಾಚಿಕೆಯಿಲ್ಲ, ಮನೆಯಲ್ಲಿ ಲಂಬಾಣಿಯೋ ತುಳುವೋ ಉರ್ದುವೋ ಆಡುವ ಮಾತಿಲ್ಲ. ಅದರ ಮೇಲೆ ಅಭ್ಯಾಸ ಮಾಡಬಹುದು, ಅದನ್ನೇ ಮಗು ಎಂದುಕೊಂಡರೆ ಮತ್ತೆ ಸಹಪಾಠಿಗಳ ನಾಟಕಕ್ಕೇ ಬಂದು ನಿಲ್ಲುತ್ತೇವೆ.

ನನ್ನ ವಾದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ಮೊದಲನೆಯದು ನ್ಯಾಯವಾದದ್ದು. ಪೇಟೆಯ ಮಗು ಮನೆಯಲ್ಲೇ ಜಗತ್ತನ್ನು ನೋಡುತ್ತದೆ, ಸರ್ಕಾರಿ ಶಾಲೆಯ ಮಗುವಿಗೆ ನೀವು ಪರದೆ ಬೇಡವೆನ್ನುತ್ತೀರಾ? ಇಲ್ಲ. ಬೀದರದ ಮಗುವಿಗೆ ಕಡಲು ತೋರಿಸಬೇಕು, ಕಾರವಾರದ ಮಗುವಿಗೆ ಹಿಮ ತೋರಿಸಬೇಕು, ಎಲ್ಲ ಮಕ್ಕಳಿಗೂ ಬಡಿಯುವ ಹೃದಯವನ್ನೂ ಬೆಂಕಿ ಉಗುಳುವ ಪರ್ವತವನ್ನೂ ತೋರಿಸಬೇಕು. ತರಗತಿಗೆ ತರಲಾಗದ್ದನ್ನು ಪರದೆ ತರಲಿ. ಆದರೆ ಶಾಲೆಯಂಗಳದಲ್ಲೇ ಬೇವಿನ ಮರವಿರುವಾಗ ಎಲೆಯ ಭಾಗಗಳನ್ನು ಪರದೆಯ ಮೇಲೆ ತೋರಿಸುವುದು ಮಗುವಿಗೆ ಮಾಡುವ ಮೋಸ. ಕಡ್ಡಿಕಟ್ಟನ್ನು ತನ್ನ ಕೈಯಾರೆ ಬಿಚ್ಚಬಲ್ಲ ಮಗುವಿಗೆ, ಬಿಚ್ಚಿಕೊಳ್ಳುವ ಕಟ್ಟಿನ ಚಿತ್ರ ತೋರಿಸುವುದೂ ಹಾಗೆಯೇ. ಎಲ್ಲಿ ನಿಲ್ಲಿಸಬೇಕೆಂದು ತಿಳಿದವಳಿಗೆ ಮಾತ್ರ ಎಲ್ಲಿ ಬಳಸಬೇಕೆಂದು ತಿಳಿದಿರುತ್ತದೆ.

ಎರಡನೆಯದು ಸಮಯದ ಆಕ್ಷೇಪ. ಇಬ್ಬರು ಶಿಕ್ಷಕರು ಐದು ತರಗತಿ ನಡೆಸುವ ಶಾಲೆಯಲ್ಲಿ ಯಾರ ಓದನ್ನು ಯಾರು ಯಾವಾಗ ಕೇಳಬೇಕು? ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಆದರೆ ಶಿಕ್ಷಕರ ಫೋನು ಇವತ್ತು ಯಾರ ಕೆಲಸ ಮಾಡುತ್ತಿದೆ ಎಂದೂ ನೋಡಬೇಕು. ಹಾಜರಿ, ಬಿಸಿಯೂಟದ ಲೆಕ್ಕ, ಹಾಲು ಮೊಟ್ಟೆಯ ವರದಿ, ವಿದ್ಯಾರ್ಥಿ ದಾಖಲೆಯ ಎಸ್‌ಎಟಿಎಸ್ ಮಾಹಿತಿ, ದಿನಾಚರಣೆಗಳ ಫೋಟೊ. ಸಾಧನ ಶಾಲೆಯೊಳಗೆ ಬಂದು ಕಚೇರಿಯ ಆಳಾಗಿದೆ. ಮಗುವಿನ ಕಲಿಕೆಗೆ ಸಮಯವಿಲ್ಲ ಎನ್ನುವ ಮುನ್ನ, ಆ ಸಮಯವನ್ನು ತಿಂದದ್ದರಲ್ಲಿ ಇದೇ ಸಾಧನದ ಪಾಲೂ ಇದೆ ಎಂಬುದನ್ನು ಇಲಾಖೆ ಒಪ್ಪಿಕೊಳ್ಳಬೇಕು. ದಿನಕ್ಕೆ ಇಬ್ಬರು ಮಕ್ಕಳ ಒಂದೊಂದು ನಿಮಿಷದ ಓದು ಕೇಳಿದರೂ ಮೂವತ್ತು ಮಕ್ಕಳ ತರಗತಿಯಲ್ಲಿ ಹದಿನೈದು ಶಾಲಾ ದಿನಗಳಿಗೊಮ್ಮೆ ಪ್ರತಿ ಮಗುವಿನ ಸರದಿ ಬರುತ್ತದೆ. ಒಂದು ವರದಿ ಕಡಿಮೆಯಾದರೆ ಅಷ್ಟು ಹೊತ್ತು ಸಿಗುತ್ತದೆ.

ಮೂರನೆಯ ಆಕ್ಷೇಪ ಮಗುವಿನ ಪರವಾದದ್ದು, ಆದ್ದರಿಂದ ಅತಿ ಮುಖ್ಯ. ಓದಲು ತಡವರಿಸುವ ಮಗುವಿನ ದನಿ ಯಾರ ಯಾರ ಫೋನಿಗೆ ಹೋಗಬಹುದು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಕಾಯ್ದೆ ಇಲ್ಲದಿದ್ದರೂ ಇದು ಶಿಕ್ಷಕಿಯ ಧರ್ಮ. ತಾಯಿಯನ್ನೋ ತಂದೆಯನ್ನೋ ಕೇಳಿ ದಾಖಲಿಸಬೇಕು, ಮುಖ ಬೇಡ, ದನಿ ಸಾಕು. ವಾಟ್ಸ್‌ಆ್ಯಪ್ ಗುಂಪಿಗೆ, ಸ್ಟೇಟಸ್ಸಿಗೆ ಹೋಗಬಾರದು. ವರ್ಷ ಮುಗಿದ ಮೇಲೆ ಅಳಿಸಬೇಕು. ಪ್ರಶಿಕ್ಷಣಾರ್ಥಿಗೆ ಕಲಿಸಬೇಕಾದ ತಂತ್ರಜ್ಞಾನದ ಮೊದಲ ಅಧ್ಯಾಯವೇ ಇದಾಗಬೇಕು.

ಹೀಗೆ ಹತ್ತಿರ ಕೂತು ಕೇಳಿಸಿಕೊಳ್ಳುವುದನ್ನು ನಾವು ಒಮ್ಮೆ ಮಾಡಿದ್ದೂ ಉಂಟು. 2020ರ ಆಗಸ್ಟ್‌ನಲ್ಲಿ, ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ ಹೊತ್ತಿನಲ್ಲಿ, ರಾಜ್ಯ ಸರ್ಕಾರ ‘ವಿದ್ಯಾಗಮ’ ಶುರುಮಾಡಿತು. ಮನೆಯಲ್ಲಿ ಫೋನು ಇದೆಯೋ ಇಲ್ಲವೋ, ಇದ್ದರೆ ಎಂಥದ್ದು ಎಂದು ಮಕ್ಕಳನ್ನು ಗುಂಪುಮಾಡಿ, ಶಿಕ್ಷಕರು ದೇವಸ್ಥಾನದ ಜಗಲಿಗೆ, ಮರದ ನೆರಳಿಗೆ ಹೋಗಿ ಪಾಠ ಮಾಡಿದರು. ಆ ಜಗಲಿಯ ಮೇಲೆ ಯಂತ್ರವಿರಲಿಲ್ಲ. ಪ್ರತಿ ಮಗುವೂ ಎಲ್ಲಿ ನಿಂತಿದೆ ಎಂದು ಹತ್ತಿರ ಕೂತು ನೋಡಬೇಕಾದ ಅನಿವಾರ್ಯ ಮಾತ್ರ ಇತ್ತು. ಆ ಅನಿವಾರ್ಯವನ್ನು ಶಾಲೆ ತೆರೆದ ಮೇಲೆ ನಾವು ಮರೆತೆವು, ಪರದೆಗಳನ್ನು ಮಾತ್ರ ನೆನಪಿಟ್ಟುಕೊಂಡೆವು.

ಹಾಗಾಗಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಾದ ಡಯಟ್‌ಗಳ ಉಪನ್ಯಾಸಕರಲ್ಲಿ, ಪ್ರಾಯೋಗಿಕ ಪರೀಕ್ಷೆಗೆ ಹೋಗುವ ಪರೀಕ್ಷಕರಲ್ಲಿ ಒಂದು ಮನವಿ. ಪ್ರಶಿಕ್ಷಣಾರ್ಥಿ ತಂತ್ರಜ್ಞಾನ ಬಳಸಿ ಪಾಠ ಮಾಡಿ ಮುಗಿಸಿದ ಮೇಲೆ ಯಾವ ತಂತ್ರಾಂಶ ಬಳಸಿದೆ, ಎಷ್ಟು ಸ್ಲೈಡು ಮಾಡಿದೆ ಎಂದು ಕೇಳಬೇಡಿ. ‘ಇವತ್ತು ಯಾವ ಮಗು ಎಲ್ಲಿ ತಪ್ಪಿತು, ಯಾಕೆ ತಪ್ಪಿತು?’ ಎಂದು ಕೇಳಿ. ಉತ್ತರ ಬಂದರೆ, ಪ್ರೊಜೆಕ್ಟರು ಕೈಕೊಟ್ಟು ಕರೆಂಟು ಹೋಗಿ ಪಾಠ ಅರ್ಧಕ್ಕೆ ನಿಂತಿದ್ದರೂ ಪಾಸು ಮಾಡಿ. ಉತ್ತರ ಬಾರದಿದ್ದರೆ, ಪರದೆ ಎಷ್ಟೇ ಅಂದವಾಗಿದ್ದರೂ ಇನ್ನೊಮ್ಮೆ ಪಾಠ ಮಾಡಲು ಹೇಳಿ.